ಒಂದು ಚಮಚದ ಜಗಳ

ನಮ್ಮ ಮನೆಯಲ್ಲಿ ದೊಡ್ಡ ವಿಷಯಗಳಿಗೆ ಜಗಳವಾಗುವುದಿಲ್ಲ. ತೋಟದ ಪಾಲು, ಮಗಳ ಮದುವೆ, ನನ್ನ ವರ್ಗಾವಣೆ ಎಲ್ಲವೂ ಮಾತಿನಲ್ಲೇ ಮುಗಿದಿವೆ. ಜಗಳವೇನಿದ್ದರೂ ಚಮಚ, ಬಟ್ಟಲು, ಒಲೆಯ ಮೇಲೆ ಮರೆತ ಹಾಲು, ಇಂಥವುಗಳಿಗೆ. ಹೋದ ವರ್ಷ ದೀಪಾವಳಿಗೆ ಮಗಳು ಬೆಂಗಳೂರಿನಿಂದ ಕೊಪ್ಪಕ್ಕೆ ಬಂದಾಗ ಆದದ್ದೂ ಅಂಥದೇ ಒಂದು ಜಗಳ.

ಮೊಮ್ಮಗನಿಗೆ ಆಗ ಹದಿನಾಲ್ಕು ತಿಂಗಳು. ಮೇಲೆ ನಾಲ್ಕು, ಕೆಳಗೆ ನಾಲ್ಕು ಹಲ್ಲು ಬಂದಿದ್ದವು. ಅಕ್ಕಿ ಕಾಳಿನಂಥ ಆ ಹಲ್ಲುಗಳನ್ನು ತೋರಿಸಿ ನಗುತ್ತಿದ್ದರೆ ಮನೆಯ ಕೆಲಸವೆಲ್ಲ ಮರೆತುಹೋಗುತ್ತಿತ್ತು. ರಾಗಿ ಮಣ್ಣಿ ಮಾಡಿ, ಅವನನ್ನು ಕಾಲ ಮೇಲೆ ಕೂರಿಸಿಕೊಂಡು, ಚಮಚಕ್ಕೆ ಊದಿ, ನನ್ನ ತುಟಿಗೆ ತಾಗಿಸಿ ಬಿಸಿ ನೋಡಿ, ಅವನ ಬಾಯಿಗಿಟ್ಟೆ. ನನ್ನಮ್ಮ ನನಗೆ ತಿನ್ನಿಸಿದ್ದು ಹೀಗೆಯೇ. ನಾನು ಮಗಳಿಗೆ ತಿನ್ನಿಸಿದ್ದೂ ಹೀಗೆಯೇ. ಅವಳು ಒಳಗಿನಿಂದ ಬಂದವಳೇ, “ಅಮ್ಮಾ, ನಿನ್ನ ಬಾಯಿಗಿಟ್ಟ ಚಮಚ ಅವನಿಗೆ ಇಡಬೇಡ ಮಾರಾಯ್ತಿ. ದೊಡ್ಡವರ ಬಾಯಿಯ ಬ್ಯಾಕ್ಟೀರಿಯಾ ಮಕ್ಕಳಿಗೆ ಹೋಗಿ ಹಲ್ಲು ಹುಳುಕಾಗುತ್ತಂತೆ” ಎಂದು ಚಮಚ ಕಿತ್ತುಕೊಂಡು ತೊಳೆಯಲು ಹೋದಳು.

ನನಗೆ ಮುಖಕ್ಕೆ ಹೊಡೆದಂತಾಯಿತು. ಎಂಜಲು, ಮುಸುರೆ ಎಂದು ಕುಣಿಯುತ್ತಿದ್ದ ಅಜ್ಜಿಯನ್ನು ನಾನು ಕಾಲೇಜಿಗೆ ಹೋಗುವ ಕಾಲಕ್ಕೆ ಎಷ್ಟು ಗೇಲಿ ಮಾಡಿದ್ದೆ! ಆದರೆ ಆ ಅಜ್ಜಿಯೂ ತಾಯಿಯ ಎಂಜಲು ಮಗುವಿಗೆ ಎಂಜಲಲ್ಲ ಎಂದು ಒಪ್ಪಿಕೊಂಡಿದ್ದಳು. ಈಗ ನನ್ನ ಮಗಳು ಬ್ಯಾಕ್ಟೀರಿಯಾದ ಹೆಸರಿನಲ್ಲಿ ಅಜ್ಜಿಯನ್ನೂ ಮೀರಿಸಿದ ಮಡಿ ತಂದಿದ್ದಳು. ಆ ದಿನವಿಡೀ ನಾನು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಅವಳೂ ಆಡಲಿಲ್ಲ. ಹಬ್ಬದ ಹೋಳಿಗೆ ಹೋಳಿಗೆಯಂತೆ ಅನಿಸಲಿಲ್ಲ.

ಮರುದಿನ ಬೆಳಗ್ಗೆ ಹಲ್ಲುಜ್ಜಿ ಉಗುಳಿದೆ. ಬೇಸಿನ್ನಿನಲ್ಲಿ ನೊರೆಯ ಜೊತೆಗೆ ತಿಳಿಗೆಂಪು. ಹೊಸದೇನಲ್ಲ, ಏಳೆಂಟು ವರ್ಷಗಳಿಂದ ನೋಡುತ್ತಲೇ ಇದ್ದೆ. ಉಷ್ಣ ಎಂದು ಎಳನೀರು ಕುಡಿದು ಸುಮ್ಮನಾಗುತ್ತಿದ್ದೆ. ಆದರೆ ಅಂದು ನಲ್ಲಿ ಬಿಟ್ಟು ಆ ಕೆಂಪನ್ನು ತೊಳೆಯಲು ಕೈ ಬರಲಿಲ್ಲ. ಈ ಬಾಯಿಯ ಚಮಚವನ್ನೇ ಅಲ್ಲವೇ ನಾನು ಮಗುವಿಗೆ ಇಟ್ಟದ್ದು ಎಂಬ ಯೋಚನೆ ಬಂತು. ಹಿಂದೆಯೇ ಅಮ್ಮನ ನೆನಪೂ ಬಂತು.

ಅಮ್ಮ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಚಿಕ್ಕವಳಿದ್ದಾಗ ಅದು ನಾಚಿಕೆ, ಒಳ್ಳೆಯ ಮನೆತನದ ಹೆಂಗಸರು ನಗುವುದೇ ಹಾಗೆ ಎಂದುಕೊಂಡಿದ್ದೆ. ನಾನೂ ಕನ್ನಡಿಯ ಮುಂದೆ ಅಣ್ಣನ ಪಂಚೆ ಹೊದ್ದುಕೊಂಡು ಹಾಗೆ ನಗುವುದನ್ನು ಅಭ್ಯಾಸ ಮಾಡಿದ್ದೆ. ಅವಳು ಹಲ್ಲಿಲ್ಲದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು ಎಂದು ತಿಳಿದದ್ದು ಎಷ್ಟೋ ದಿನದ ಮೇಲೆ.

ಶೃಂಗೇರಿಯಿಂದ ಒಳಗೆ, ದಂಬೆಯಲ್ಲಿ ಅಬ್ಬಿ ನೀರು ಬರುತ್ತಿದ್ದ ಅಡಿಕೆ ತೋಟದ ಮನೆ ನಮ್ಮದು. ಅಮ್ಮನಿಗೆ ಐದು ಮಕ್ಕಳು. ನಾನು ಎರಡನೆಯವಳು. “ಒಂದೊಂದು ಹೆರಿಗೆಗೆ ಒಂದೊಂದು ಹಲ್ಲು” ಎಂದು ಅಜ್ಜಿ ಹೇಳುತ್ತಿದ್ದಳು. ಮಗು ತಾಯಿಯ ಹಲ್ಲಿನ ಸುಣ್ಣ ಹೀರಿಕೊಂಡು ಬೆಳೆಯುತ್ತದೆ, ಅದಕ್ಕೆ ಅಳಬಾರದು, ಹೆಣ್ಣುಜನ್ಮದ ಬಾಡಿಗೆ ಅದು ಎಂಬ ಸಮಾಧಾನ. ಅಮ್ಮ ಆ ಲೆಕ್ಕವನ್ನು ನಂಬಿದ್ದಳು. ಆದರೆ ನಲವತ್ತೆರಡಕ್ಕೆ ಅವಳ ಬಾಯಿಯಲ್ಲಿ ಉಳಿದದ್ದು ಆರೇ ಹಲ್ಲು. ಐದು ಹೆರಿಗೆಗೆ ಇಪ್ಪತ್ತಾರು ಹಲ್ಲು ಹೇಗೆ ಹೋದವು ಎಂದು ನಾನೂ ಕೇಳಲಿಲ್ಲ, ಮನೆಯಲ್ಲಿ ಯಾರೂ ಕೇಳಲಿಲ್ಲ.

ಹಾಗೆಂದು ನಮ್ಮ ಮನೆಯಲ್ಲಿ ಹಲ್ಲುಜ್ಜುತ್ತಿರಲಿಲ್ಲವೆಂದಲ್ಲ. ಬಚ್ಚಲ ಗೂಡಿನಲ್ಲಿ ಕರಟದ ತುಂಬ ಉಮಿಕರಿ, ಪಕ್ಕದಲ್ಲಿ ಉಪ್ಪು. ಮಾವಿನೆಲೆಯನ್ನು ಸುರುಟಿ ಉಜ್ಜುವುದು, ತೆಂಗಿನ ಗರಿಯ ಕಡ್ಡಿ ಸೀಳಿ ನಾಲಿಗೆ ಕೆರೆಯುವುದು. ನೆಂಟರು ಬಂದಾಗ ಮಾತ್ರ ನಂಜನಗೂಡು ಹಲ್ಲುಪುಡಿಯ ಪೊಟ್ಟಣ ಹೊರಬರುತ್ತಿತ್ತು. 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ಆ ಹಲ್ಲುಪುಡಿ ನಮ್ಮ ಮಲೆನಾಡಿನ ಮೂಲೆಗೂ ಬಂದಿತ್ತು. ಬೆಳಗ್ಗೆ ಎದ್ದು ಹಲ್ಲುಜ್ಜದೆ ಒಲೆ ಮುಟ್ಟುವಂತಿರಲಿಲ್ಲ. ರಾತ್ರಿ ಮಾತ್ರ ಯಾರೂ ಉಜ್ಜುತ್ತಿರಲಿಲ್ಲ. ಅಮ್ಮ ಎಲ್ಲರಿಗೂ ಬಡಿಸಿ, ತಾನು ಉಂಡು, ಗೋಮಯ ಹಚ್ಚಿ, ಉಳಿದ ಬೆಲ್ಲದ ಕಾಫಿಯನ್ನು ಎರಡು ಗುಟುಕು ಕುಡಿದು ಮಲಗುತ್ತಿದ್ದಳು.

ಹಲ್ಲುನೋವು ತಡೆಯಲಾಗದಾಗ ಒಬ್ಬ ಮುದುಕಿ ಬರುತ್ತಿದ್ದಳು. ಕಾದ ಹೆಂಚಿನ ಮೇಲೆ ನೆಲಗುಳ್ಳದ ಬೀಜ ಹಾಕಿ, ಕೊಳವೆಯಿಂದ ಹೊಗೆಯನ್ನು ಅಮ್ಮನ ಬಾಯಿಗೆ ಹಿಡಿಸುತ್ತಿದ್ದಳು. ಆಮೇಲೆ ಬಟ್ಟಲ ನೀರಿನಲ್ಲಿ ಬಿಳಿ ಎಳೆಯಂಥದ್ದನ್ನು ತೋರಿಸಿ, “ನೋಡು, ಹುಳ ಬಿತ್ತು” ಎನ್ನುತ್ತಿದ್ದಳು. ನಾವು ಮಕ್ಕಳು ಉಸಿರು ಹಿಡಿದು ನೋಡುತ್ತಿದ್ದೆವು. ಹೊಗೆಗೆ ನೋವು ಒಂದೆರಡು ದಿನ ಮಂಕಾಗುತ್ತಿತ್ತು. ಮತ್ತೆ ಬರುತ್ತಿತ್ತು. ಕೊನೆಗೆ ಪೇಟೆಗೆ ಹೋಗಿ ಕೀಳಿಸಿಕೊಂಡು ಬರುವುದು. ಹಲ್ಲಿಗಾಗಿ ಯಾರಾದರೂ ಆಗುಂಬೆ ಘಾಟಿ ಇಳಿದು ಹೋಗುತ್ತಾರೆಯೇ? ಮಣಿಪಾಲದಲ್ಲಿ ದಂತವೈದ್ಯ ಕಾಲೇಜು ತೆರೆದದ್ದು 1965ರಲ್ಲಿ. ಆಗ ಅಮ್ಮ ಹದಿನೈದರ ಹುಡುಗಿ. ಬಾಯಿ ತುಂಬ ಹಲ್ಲಿದ್ದವು.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಸಮಾಜ ಮತ್ತು ಕನ್ನಡ ಪಾಠ ಮಾಡುವವಳು. ವಿಜ್ಞಾನವೆಂದರೆ ಮಾರು ದೂರ. ಆದರೆ ಈ ಚಮಚ ನನ್ನನ್ನು ಬಿಡಲಿಲ್ಲ. ರಜೆ ಮುಗಿದು ಶಾಲೆಗೆ ಹೋದವಳೇ ನಮ್ಮ ವಿಜ್ಞಾನದ ಮೇಡಂ ಹತ್ತಿರ ಕುಳಿತೆ. ಅವರು ಮೊದಲು ನಕ್ಕದ್ದು ನಮ್ಮ ಭಾಷೆಯನ್ನು ಕುರಿತು. “ಹುಳುಕು ಎನ್ನುವ ಮಾತಿನಲ್ಲೇ ಹುಳು ಇದೆ ನೋಡಿ. ಲೋಕದಲ್ಲೆಲ್ಲ ಜನ ಹಲ್ಲಿನೊಳಗೆ ಹುಳ ಇದೆ ಎಂದೇ ನಂಬಿದ್ದರು. ನಿಮ್ಮ ಮುದುಕಿ ತೋರಿಸಿದ್ದು ಬಿಸಿಗೆ ಬೀಜ ಒಡೆದು ಹೊರಬಂದ ಮೊಳಕೆಯ ಎಳೆ. ಹುಳ ಇರುವುದೇನೋ ನಿಜ. ಆದರೆ ಕಣ್ಣಿಗೆ ಕಾಣುವಂಥದ್ದಲ್ಲ” ಎಂದರು.

ಅದನ್ನು ಮೊದಲು ಕಂಡವನು ಡಾಕ್ಟರನೂ ಅಲ್ಲ, ಪಂಡಿತನೂ ಅಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಒಬ್ಬ ಬಟ್ಟೆ ವ್ಯಾಪಾರಿ, ಲೇವೆನ್‌ಹುಕ್. ನಮ್ಮಜ್ಜಿಯಂತೆ ಅವನೂ ದಿನಾ ಬೆಳಗ್ಗೆ ಉಪ್ಪಿನಿಂದ ಹಲ್ಲುಜ್ಜುತ್ತಿದ್ದನಂತೆ. ಅಷ್ಟು ಉಜ್ಜಿದರೂ ಹಲ್ಲಿನ ಸಂದಿಯಲ್ಲಿ ಹಿಟ್ಟು ಕಲಸಿದಂಥ ಬಿಳಿ ಪದಾರ್ಥ ಉಳಿದಿತ್ತು. 1683ರಲ್ಲಿ ಅದನ್ನು ಕೆರೆದು, ತಾನೇ ಮಾಡಿದ ಮಸೂರದ ಕೆಳಗೆ ಹಿಡಿದ. ಅದರಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಜೀವಿಗಳು ಓಡಾಡುತ್ತಿದ್ದವು. ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದ. ಒಂಬತ್ತು ವರ್ಷದ ಮೇಲೆ ಮತ್ತೆ ನೋಡಿದಾಗ ಮುಂದಿನ ಹಲ್ಲುಗಳಲ್ಲಿ ಆ ಜೀವಿಗಳು ಕಾಣಲಿಲ್ಲ. ಬೆಳಗಿನ ಸುಡುಸುಡು ಕಾಫಿಯೇ ಅವನ್ನು ಕೊಂದಿರಬೇಕು ಎಂದುಕೊಂಡ! ಚಿಕ್ಕಮಗಳೂರು ಜಿಲ್ಲೆಯವರಾದ ನಮಗೆ ಇದು ಕೇಳಲು ಹಿತವೇ. ಆದರೆ ಹಿಂದಿನ ಹಲ್ಲುಗಳಲ್ಲಿ ಅವು ಕ್ಷೇಮವಾಗಿದ್ದವು ಎಂಬುದನ್ನು ಮರೆಯಬಾರದು.

ಆ ಜೀವಿಗಳು ಹಲ್ಲಿಗೆ ಏನು ಮಾಡುತ್ತವೆ ಎಂದು ತಿಳಿಯಲು ಮತ್ತೆ ಇನ್ನೂರು ವರ್ಷ ಹಿಡಿಯಿತು. ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ 1890ರಲ್ಲಿ ತನ್ನ ಪುಸ್ತಕದಲ್ಲಿ ವಿವರಿಸಿದ: ಬಾಯಿಯ ಬ್ಯಾಕ್ಟೀರಿಯಾ ನಾವು ತಿಂದ ಸಿಹಿ, ಹಿಟ್ಟುಗಳನ್ನು ತಿಂದು ಆಮ್ಲ ಬಿಡುತ್ತವೆ. ಹಾಲು ಮೊಸರಾದಾಗ ಹುಳಿ ಬರುವುದಿಲ್ಲವೇ, ಅಂಥದೇ ಹುಳಿ. ಆ ಹುಳಿಗೆ ಹಲ್ಲಿನ ಸುಣ್ಣದಂಶ ಕರಗುತ್ತದೆ. 1924ರಲ್ಲಿ ಲಂಡನ್ನಿನ ಕ್ಲಾರ್ಕ್ ಎಂಬಾತ ಈ ಕೆಲಸದ ಮುಖ್ಯ ಆಳನ್ನು ಹುಳುಕು ಹಲ್ಲಿನಿಂದಲೇ ಹಿಡಿದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟ. ಅದು ಸಕ್ಕರೆಯಿಂದ ಆಮ್ಲವನ್ನಷ್ಟೇ ಮಾಡುವುದಿಲ್ಲ, ಹಲ್ಲಿಗೆ ಅಂಟಿಕೊಳ್ಳಲು ಗೋಂದನ್ನೂ ಮಾಡಿಕೊಳ್ಳುತ್ತದೆ.

ನಮ್ಮ ಬಾಯಿಯಲ್ಲಿರುವ ಎಲ್ಲ ಬ್ಯಾಕ್ಟೀರಿಯಾ ಕೆಟ್ಟವಲ್ಲ. ಮನುಷ್ಯರ ಬಾಯಿಗಳಲ್ಲಿ ಸುಮಾರು 700 ಬಗೆಯವು ಇರುತ್ತವಂತೆ. ಹೆಚ್ಚಿನವು ತಮ್ಮ ಪಾಡಿಗೆ ತಾವು ಇರುವ ಬಡಪಾಯಿಗಳು. ತೊಂದರೆ ಬರುವುದು ನಾವು ಊಟ ಹಾಕುವ ರೀತಿಯಿಂದ. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಚಿಕ್ಕಂದಿನಲ್ಲಿ ಮಂಡಕ್ಕಿ ಎರಚುತ್ತಿದ್ದುದು ನೆನಪಾಯಿತು. ನೀರು ಖಾಲಿ ಕಾಣುತ್ತಿತ್ತು. ಒಂದು ಹಿಡಿ ಎರಚಿದರೆ ಎಲ್ಲಿಂದಲೋ ಮೀನುಗಳ ಹಿಂಡು. ಎರಚುತ್ತಲೇ ಇದ್ದರೆ ಅವು ಹೋಗುವುದೇ ಇಲ್ಲ.

ಎಷ್ಟು ಸಿಹಿ ತಿಂದಿರಿ ಎಂಬುದರಷ್ಟೇ ಎಷ್ಟು ಸಲ ತಿಂದಿರಿ ಎಂಬುದೂ ಮುಖ್ಯ ಎಂದು ಮೇಡಂ ಹೇಳಿದರು. ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿಮಾಂದ್ಯರಿಗೆ ಬೇಕೆಂದೇ ಅಂಟುಮಿಠಾಯಿ ತಿನ್ನಿಸಿ ಇದನ್ನು ಪರೀಕ್ಷಿಸಿದ್ದರಂತೆ. ಊಟದ ಜೊತೆಗೆ ಸಿಹಿ ತಿಂದವರಿಗೆ ಅಷ್ಟಾಗಿ ಹುಳುಕಾಗಲಿಲ್ಲ. ಊಟದ ನಡುನಡುವೆ ಮಿಠಾಯಿ ತಿಂದವರ ಹಲ್ಲುಗಳು ಸಾಲಾಗಿ ಹಾಳಾದವು. ಕೇಳುವ ಬಾಯಿಲ್ಲದವರ ಬಾಯಿ ಕೆಡಿಸಿ ಕಲಿತ ಪಾಠವದು. ಕೇಳಿ ಹೊಟ್ಟೆ ತೊಳಸಿತು. ಆದರೂ ಪಾಠ ಪಾಠವೇ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಹಲ್ಲಿನ ಮೇಲೆ ಆಮ್ಲ ಏಳುತ್ತದೆ. ಜೊಲ್ಲು ಅದನ್ನು ತೊಳೆದು ತಣಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಮತ್ತೆ ಸಿಹಿ ಬಿದ್ದರೆ ಹಲ್ಲಿಗೆ ಬಿಡುವೇ ಇಲ್ಲ. ನಿದ್ದೆಯಲ್ಲಂತೂ ಜೊಲ್ಲು ಊರುವುದೇ ಕಡಿಮೆ.

ನಾನು ಲೆಕ್ಕ ಹಾಕಿದೆ. “ನಾನು ಸಿಹಿ ತಿನ್ನುವುದೇ ಇಲ್ಲ” ಎಂದು ಹೇಳಿಕೊಳ್ಳುವವಳು ನಾನು. ಬೆಳಗ್ಗೆ ಎದ್ದ ಕೂಡಲೇ ಅರ್ಧ ಲೋಟ ಕಾಫಿ, ತಿಂಡಿಯ ಜೊತೆ ಅರ್ಧ, ಶಾಲೆಯ ಸ್ಟಾಫ್ ರೂಮಿನಲ್ಲಿ ಎರಡು ಸಲ, ಮನೆಗೆ ಬಂದು ಒಂದು, ರಾತ್ರಿ ಅಡಿಗೆ ಮಾಡುತ್ತ ಉಳಿದದ್ದು ಇನ್ನೊಂದು ಗುಟುಕು. ಎಲ್ಲ ಸೇರಿ ಸಕ್ಕರೆ ಮೂರು ಚಮಚ ಮೀರದು. ಆದರೆ ಆರು ಸಲ! ಹಬ್ಬದ ದಿನ ಎಲೆಯ ತುದಿಗೆ ಬಡಿಸಿದ್ದನ್ನೆಲ್ಲ ಒಮ್ಮೆಗೇ ತಿಂದೇಳುವ ಗಂಡಸರೇ ಈ ಲೆಕ್ಕದಲ್ಲಿ ಜಾಣರು. ಅಡಿಗೆಮನೆಯಲ್ಲಿ ರುಚಿ ನೋಡುವ, ಉಳಿದದ್ದನ್ನು ಮುಗಿಸುವ ನಾವೇ ದಡ್ಡರು.

ಇಷ್ಟು ತಿಳಿದ ಮೇಲೂ ಡಾಕ್ಟರ ಹತ್ತಿರ ಹೋಗಲು ಮತ್ತೆರಡು ತಿಂಗಳು ತಡೆದೆ. ಅಡಿಕೆ ಸುಗ್ಗಿ, ಪರೀಕ್ಷೆ, ಇವರ ಮಂಡಿನೋವು. ಅಂತೂ ಒಂದು ಶನಿವಾರ ಕೊಪ್ಪದಲ್ಲೇ ಹಲ್ಲಿನ ಡಾಕ್ಟರೊಬ್ಬರ ಬಳಿ ಹೋದೆ. ಚಿಕ್ಕ ವಯಸ್ಸಿನ ಹುಡುಗಿ. ಬಾಯಿ ತೆರೆಸಿ, ವಸಡಿನ ಅಂಚಿಗೆ ಕಡ್ಡಿಯಿಟ್ಟು ಅಳತೆ ನೋಡಿ, “ಎಷ್ಟು ದಿನದಿಂದ ರಕ್ತ ಬರುತ್ತಿದೆ ಟೀಚರ್?” ಎಂದು ಕೇಳಿದಳು. ಏಳೆಂಟು ವರ್ಷ ಎಂದೆ. “ಕೈಯಿಂದ ಏಳು ದಿನ ಹೀಗೆ ರಕ್ತ ಬಂದಿದ್ದರೆ ಸುಮ್ಮನಿರುತ್ತಿದ್ದಿರಾ?” ಎಂದಳು. ವಿದ್ಯಾರ್ಥಿಯಂತೆ ತಲೆ ತಗ್ಗಿಸಿದೆ.

ಹುಳುಕು ಹಲ್ಲಿನ ರೋಗ, ಇದು ಹಲ್ಲು ನಿಂತ ನೆಲದ ರೋಗ. ಇಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೇ ಬೇರೆ. ಅವಕ್ಕೆ ಸಿಹಿ ಬೇಕಿಲ್ಲ, ಗಾಳಿಯಾಡದ ಸಂದಿ ಸಾಕು. ನಮ್ಮ ಅಂಗಳದ ಮಳೆಗಾಲವನ್ನು ನೆನೆಸಿಕೊಳ್ಳಿ. ನಾಲ್ಕು ದಿನ ಬಿಟ್ಟರೆ ಕಲ್ಲಿನ ಮೇಲೆ ಪಾಚಿ. ಎಷ್ಟು ಕೊಡ ನೀರು ಸುರಿದರೂ ಅದು ಹೋಗುವುದಿಲ್ಲ. ಕಡ್ಡಿ ಹಿಡಿ ತೆಗೆದುಕೊಂಡು ತಿಕ್ಕಬೇಕು. ಹಲ್ಲಿನ ಬುಡದಲ್ಲೂ ದಿನಾ ಇಂಥದೇ ಪಾಚಿ ಕಟ್ಟುತ್ತದೆ. ಬಾಯಿ ಮುಕ್ಕಳಿಸಿದರೆ ಹೋಗದು. ತಿಕ್ಕದೆ ಬಿಟ್ಟರೆ ಜೊಲ್ಲಿನ ಸುಣ್ಣದಂಶ ಸೇರಿ ಕಲ್ಲಾಗುತ್ತದೆ. ಹಂಡೆಯ ಕಿಟ್ಟದ ಹಾಗೆ. ಆ ಕಿಟ್ಟ ಬ್ರಷ್ಷಿಗೂ ಬಗ್ಗುವುದಿಲ್ಲ. ಅದರ ಮರೆಯಲ್ಲಿ ಬ್ಯಾಕ್ಟೀರಿಯಾ, ಅವನ್ನು ಓಡಿಸಲು ಮೈಯ ರಕ್ತ, ವಸಡಿನ ಊತ. ಆ ಹೋರಾಟ ವರ್ಷಗಟ್ಟಲೆ ನಡೆದರೆ ಹಲ್ಲನ್ನು ಹಿಡಿದಿರುವ ಮೂಳೆಯೇ ಸವೆಯುತ್ತದೆ. ನೋವೇ ಇರುವುದಿಲ್ಲ. ಅದೇ ಇದರ ಮೋಸ. ಅಮ್ಮನ ಎಷ್ಟೋ ಹಲ್ಲುಗಳು ಹುಳುಕೇ ಇಲ್ಲದೆ, ತೆನೆಯ ಕಾಳಿನ ಹಾಗೆ ಅಲುಗಾಡಿ ಬಿದ್ದದ್ದು ನನಗೆ ಆಗ ಅರ್ಥವಾಯಿತು.

ಡಾಕ್ಟರಮ್ಮ ಇನ್ನೊಂದು ವಿಷಯ ಹೇಳಿದಳು. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಲೋ ಎಂಬ ವೈದ್ಯ 12 ಜನ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ಎಂದನಂತೆ. ಮೂರು ವಾರದೊಳಗೆ ಅಷ್ಟೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ರಕ್ತ ಬರುವುದು ಉಷ್ಣದಿಂದಲ್ಲ, ಹಣೆಬರಹದಿಂದಲೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಮಣಿಪಾಲದಲ್ಲಿ ಕಾಲೇಜು ತೆರೆದದ್ದೂ ಅದೇ ವರ್ಷ. ಲೋಕಕ್ಕೆ ಉತ್ತರ ಸಿಕ್ಕಿತ್ತು. ಅದು ಘಾಟಿ ಹತ್ತಿ ನಮ್ಮ ಬಚ್ಚಲಿಗೆ ಬರಲಿಲ್ಲ, ಅಷ್ಟೇ.

ಹೆರಿಗೆಯ ಲೆಕ್ಕವನ್ನೂ ಕೇಳಿದೆ. ಮಗು ತಾಯಿಯ ಹಲ್ಲಿನಿಂದ ಸುಣ್ಣ ಹೀರುವುದಿಲ್ಲವಂತೆ. ಬಸುರಿನಲ್ಲಿ ಹಾರ್ಮೋನುಗಳ ಏರಿಳಿತದಿಂದ ವಸಡು ಸೂಕ್ಷ್ಮವಾಗುತ್ತದೆ. ಅಷ್ಟೇ ಪಾಚಿಗೆ ಹೆಚ್ಚು ಊತ, ಹೆಚ್ಚು ರಕ್ತ. ವಾಂತಿಯ ಹುಳಿಗೆ ಹಲ್ಲು ಸವೆಯುತ್ತದೆ. ಬಾಯಿಗೆ ಬ್ರಷ್ ಇಟ್ಟರೆ ಓಕರಿಕೆ ಎಂದು ಉಜ್ಜುವುದೂ ಕಡಿಮೆಯಾಗುತ್ತದೆ. 1998ರಲ್ಲಿ ನರಸಿಂಹರಾಜಪುರದ ಬಾಡಿಗೆ ಮನೆಯಲ್ಲಿ ಮಗಳನ್ನು ಹೊತ್ತಿದ್ದಾಗ ನನಗೂ ರಕ್ತ ಬಂದಿತ್ತು. “ವಸಡು ಮುಟ್ಟಬೇಡಿ, ಬ್ರಷ್ ಬಿಟ್ಟು ಬೆರಳಲ್ಲಿ ಸವರಿ ಸಾಕು” ಎಂದು ಸುತ್ತಲಿನವರೆಲ್ಲ ಹೇಳಿದ್ದರು. ನಾನೂ ಹಾಗೇ ಮಾಡಿದ್ದೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಮೆತ್ತಗಿನ ಬ್ರಷ್ಷಿನಿಂದ ಮತ್ತಷ್ಟು ಗಮನವಿಟ್ಟು ಉಜ್ಜಬೇಕಿತ್ತು. ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ ದಯವಿಟ್ಟು ಈ ಮಾತನ್ನು ಹೇಳಿ.

ಸಕ್ಕರೆ ಕಾಯಿಲೆಗೂ ವಸಡಿಗೂ ಅಕ್ಕತಂಗಿಯರ ಸಂಬಂಧ. ಸಕ್ಕರೆ ಏರಿದರೆ ವಸಡು ಬೇಗ ಕೆಡುತ್ತದೆ. ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಪರೀಕ್ಷೆ ಮಾಡಿಸಿದೆ. ನನ್ನದು ಗಡಿಯ ಮೇಲೆ ನಿಂತಿತ್ತು. ಬಾಯಿ ಹೇಳಿದ್ದನ್ನು ಏಳು ವರ್ಷ ಮೊದಲೇ ಕೇಳಬಹುದಿತ್ತು.

ಎರಡು ಸರದಿಯಲ್ಲಿ ಕಿಟ್ಟ ತೆಗೆದಳು. “ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ” ಎಂದು ನೆರೆಮನೆಯವರು ಹೆದರಿಸಿದ್ದರು. ನಿಜಕ್ಕೂ ಸಂದಿಗಳು ಕಂಡವು, ನಾಲಿಗೆಗೆ ಏನೋ ಖಾಲಿ ಅನಿಸಿತು. ಆದರೆ ಸಡಿಲವಾದದ್ದು ಹಿಂದೆಯೇ. ಗೋಡೆಯ ಬಿರುಕಿಗೆ ಮಣ್ಣು ತುಂಬಿದಂತೆ ಕಿಟ್ಟ ಅದನ್ನು ಮರೆಮಾಡಿತ್ತು. ಕೆಳಗಿನ ಒಂದು ದವಡೆ ಹಲ್ಲನ್ನು ಉಳಿಸಲಾಗಲಿಲ್ಲ. “ಹೋದ ಮೂಳೆ ತಿರುಗಿ ಬೆಳೆಯುವುದಿಲ್ಲ ಟೀಚರ್. ಇರುವುದನ್ನು ಕಾಪಾಡಿಕೊಳ್ಳೋಣ” ಎಂದಳು. ಸೆರಗಿಗೆ ಸಿಕ್ಕಿಸಿದ್ದ ಪಿನ್ನನ್ನು ನೋಡಿ, “ಅದರಿಂದ ಹಲ್ಲು ಕೆದಕುತ್ತೀರಾ?” ಎಂದೂ ಕೇಳಿದಳು. ಹಲಸಿನ ನಾರು ಸಿಕ್ಕಿಕೊಂಡರೆ ಇನ್ನೇನು ಮಾಡುವುದು? ಅದಕ್ಕೆಂದೇ ಇರುವ ಸಣ್ಣ ಬ್ರಷ್ ಕೊಟ್ಟಳು.

ಇನ್ನು ನಮ್ಮ ಎಲೆಯಡಿಕೆಯ ಮಾತು. ಅಡಿಕೆ ಹಲ್ಲನ್ನು ಗಟ್ಟಿ ಮಾಡುತ್ತದೆ ಎಂದು ನಂಬಿ ಬೆಳೆದವರು ನಾವು. ನಮ್ಮಜ್ಜಿ ಹಲ್ಲೆಲ್ಲ ಹೋದ ಮೇಲೆ ಕುಟ್ಟಾಣಿಯಲ್ಲಿ ಕುಟ್ಟಿ ಕವಳ ಹಾಕುತ್ತಿದ್ದಳು. ಗಟ್ಟಿಯಾಗುವುದಿದ್ದರೆ ಕುಟ್ಟಾಣಿ ಯಾಕೆ ಬೇಕಿತ್ತು ಎಂದು ಯಾರಿಗೂ ಹೊಳೆಯಲಿಲ್ಲ! ಕವಳ ಹಾಕುವವರಲ್ಲಿ ವಸಡಿನ ರೋಗ ಹೆಚ್ಚು. ಅದಕ್ಕಿಂತ ದೊಡ್ಡ ಮಾತು, ಹೊಗೆಸೊಪ್ಪು ಇಲ್ಲದಿದ್ದರೂ ಎಲೆಯಡಿಕೆ ಜಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಇದನ್ನು ಬರೆಯುವಾಗ ನನ್ನ ಕೈ ಅಳುಕುತ್ತದೆ. ನನ್ನ ಬಿ.ಎಡ್. ಫೀಸು ಕಟ್ಟಿದ್ದು ಅಡಿಕೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಅಡಿಕೆಯ ಅನ್ನ ಉಣ್ಣದವರು ಎಷ್ಟು ಮಂದಿ? ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡವರ ಮನೆಗೆ ಹೋಗಿ ಈ ಮಾತು ಹೇಳುವ ಧೈರ್ಯ ನನಗಿಲ್ಲ. ನನ್ನ ಮನೆಯ ಮಟ್ಟಿಗೆ ತಟ್ಟೆಯನ್ನು ಜಗುಲಿಯಿಂದ ದೇವರ ಕೋಣೆಗೆ ಸಾಗಿಸಿದ್ದೇನೆ. ಮಂಗಳಕಾರ್ಯಕ್ಕೆ ಇರಲಿ, ಬಾಯಿಗೆ ಬೇಡ.

ಚಮಚದ ವಿಚಾರವನ್ನು ಕೊನೆಗೆ ಕೇಳಿದೆ. ಡಾಕ್ಟರಮ್ಮ ಇಬ್ಬರಿಗೂ ಅರ್ಧರ್ಧ ಅಂಕ ಕೊಟ್ಟಳು. ಹುಳುಕು ಮಾಡುವ ಬ್ಯಾಕ್ಟೀರಿಯಾ ಮಗು ಹುಟ್ಟುವಾಗ ಜೊತೆಗೆ ಬರುವುದಿಲ್ಲ, ಮನೆಯವರಿಂದ, ಅದರಲ್ಲೂ ಹೆಚ್ಚಾಗಿ ತಾಯಿಯಿಂದ ಬರುತ್ತದೆ ಎಂಬುದು ನಿಜ. ಮಗಳ ಮಾತು ಸುಳ್ಳಲ್ಲ. ಆದರೆ ಚಮಚವೊಂದನ್ನು ತಡೆದರೆ ಅದು ನಿಲ್ಲುವುದಿಲ್ಲ. ಮುತ್ತು ಕೊಡದೆ, ಮುಖದ ಹತ್ತಿರ ಮಾತಾಡದೆ ಮಗುವನ್ನು ಸಾಕಲಾದೀತೇ? ಮನೆಯವರ ಬಾಯಿ ಚೊಕ್ಕಟವಾಗಿದ್ದರೆ ಹೋಗುವುದೂ ಕಡಿಮೆ. ಹೋದದ್ದು ಬೆಳೆಯಬೇಕಾದರೆ ಸಿಹಿ ಬೇಕು. “ಮಗು ರಾತ್ರಿ ಏನು ಕುಡಿದು ಮಲಗುತ್ತದೆ?” ಎಂದು ಕೇಳಿದಳು. ನನಗೆ ನೆನಪಾಯಿತು: ಸಕ್ಕರೆ ಹಾಕಿದ ಹಾಲಿನ ಬಾಟಲಿ. ಅದನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ.

ಅಂದು ರಾತ್ರಿ ಮಗಳಿಗೆ ಫೋನು ಮಾಡಿದೆ. ಗೆದ್ದ ಹುರುಪಿನಲ್ಲಿ ಮಾತಾಡಬಾರದು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. “ನೀನು ಹೇಳಿದ್ದು ಸರಿ ಇತ್ತು. ನನ್ನ ಬಾಯಿ ಕೆಟ್ಟಿತ್ತು. ಇನ್ನು ಅವನ ಚಮಚ ಬೇರೆ, ನನ್ನದು ಬೇರೆ” ಎಂದೆ. ಆ ಕಡೆ ಮೌನ. ಆಮೇಲೆ ಬಾಟಲಿಯ ವಿಷಯ ಹೇಳಿದೆ. ಅವಳು ಅತ್ತಳು. “ಕೆಲಸದಿಂದ ಬಂದು ಸುಸ್ತಾಗಿರುತ್ತೆ ಅಮ್ಮಾ. ಬಾಟಲಿ ಕೊಟ್ಟರೆ ಬೇಗ ಮಲಗುತ್ತಾನೆ” ಎಂದಳು. ತಾಯಂದಿರ ತಪ್ಪುಗಳೆಲ್ಲ ಹೀಗೆಯೇ, ಸುಸ್ತಿನಿಂದ ಆದವು. ಈಗ ಅವನು ಊಟದ ಹೊತ್ತಿಗೇ ಬಟ್ಟಲಲ್ಲಿ ಸಕ್ಕರೆ ಹಾಕದ ಹಾಲು ಕುಡಿಯುತ್ತಾನೆ. ಮಲಗುವ ಮುಂಚೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಇರುವ ಪೇಸ್ಟು ಹಾಕಿ ಉಜ್ಜಿಸುತ್ತಾಳೆ. ಪಾವಗಡ, ಮುಂಡರಗಿಯ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ ಹಲ್ಲು ಕಂದಾಗುವುದನ್ನು ಕೇಳಿದ್ದೇವೆ. ಆದರೆ ಅಳತೆಯಲ್ಲಿದ್ದರೆ ಅದೇ ಹಲ್ಲಿನ ಕಾವಲು. ಆಮ್ಲಕ್ಕೆ ಕರಗಿದ ಸುಣ್ಣ ಮತ್ತೆ ಹಲ್ಲಿಗೆ ಕೂಡಲು ನೆರವಾಗುತ್ತದೆ.

ಅಮ್ಮನಿಗೆ 2003ರಲ್ಲಿ ತಮ್ಮನ ಮದುವೆಗೆಂದು ನಾನು ಹಲ್ಲಿನ ಸೆಟ್ ಮಾಡಿಸಿದ್ದೆ. ಮದುವೆಯ ದಿನ ಒಂದು ಹೊತ್ತು ಹಾಕಿಕೊಂಡಳು. ಊಟಕ್ಕೆ ಕೂರುವಾಗ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಅದು ಕುಂಕುಮದ ಹಳೆಯ ಡಬ್ಬಿಯಲ್ಲಿ ಉಳಿಯಿತು. ತಾನೇ ಕರಿದ ಹಲಸಿನ ಹಪ್ಪಳವನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ನಾವು ನಕ್ಕರೆ ಅವಳೂ ನಗುತ್ತಿದ್ದಳು, ಸೆರಗು ಅಡ್ಡ ಹಿಡಿದು. ಅವಳು ಹೋದದ್ದು 2014ರಲ್ಲಿ. ಅವಳ ಫೋಟೋಗಳಲ್ಲಿ ಸೆರಗಿಲ್ಲದೆ ನಗುವುದು ಒಂದೇ ಒಂದು, ಆ ಮದುವೆಯದು.

ನಮ್ಮಲ್ಲಿ ಹೆಚ್ಚಿನವರ ದಿನ ಮುಗಿಯುವುದು ಅಡಿಗೆಮನೆಯಲ್ಲಿ. ಎಲ್ಲರ ಹಾಸಿಗೆ ಹಾಸಿ, ಹಾಲಿಗೆ ಹೆಪ್ಪು ಹಾಕಿ, ಗ್ಯಾಸ್ ಆರಿಸಿ, ದೀಪ ತೆಗೆದು ಮಲಗುತ್ತೇವೆ. ಪಾತ್ರೆ ತಿಕ್ಕದೆ ಮಲಗಿದರೆ ನಿದ್ದೆ ಬಾರದ ನಮಗೆ ಹಲ್ಲು ತಿಕ್ಕದೆ ಮಲಗಿದರೆ ಬರುತ್ತದೆ! ನಾನು ಈಗ ದೀಪ ತೆಗೆಯುವ ಮುಂಚೆ ಎರಡು ನಿಮಿಷ ಬೇಸಿನ್ನಿನ ಮುಂದೆ ನಿಲ್ಲುತ್ತೇನೆ. ಮೆತ್ತಗಿನ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜುತ್ತೇನೆ. ಉಗುಳಿದ ಮೇಲೆ ಕೊಡಗಟ್ಟಲೆ ನೀರು ಮುಕ್ಕಳಿಸುವುದಿಲ್ಲ. ಪೇಸ್ಟಿನ ಅಂಶ ರಾತ್ರಿಯಿಡೀ ಹಲ್ಲಿನ ಮೇಲಿರಲಿ ಎಂದು. ಬೇಸಿನ್ನಿನಲ್ಲಿ ಈಗ ಬಿಳಿ ನೊರೆಯಷ್ಟೇ.

ಮೊನ್ನೆ ಫೋನಿನಲ್ಲಿ ಮೊಮ್ಮಗ ಬಾಯಿ ತೆರೆದು ಹೊಸ ಹಲ್ಲು ತೋರಿಸಿದ. “ಅಜ್ಜೀ, ನಿಂದು?” ಎಂದ. ಹೋದ ದವಡೆ ಹಲ್ಲಿನ ನೆನಪಾಗಿ ನನ್ನ ಕೈ ಸೆರಗಿನ ಕಡೆ ಹೋಯಿತು. ಹೋದ ಕೈಯನ್ನು ಇಳಿಸ್ಕೊಂಡು ನಾನೂ ಬಾಯಿ ತೆರೆದು ತೋರಿಸಿದೆ.